ಕಂದು ಕೋಟಿನ ನಲವತ್ತೊಂದನೇ ದಾರ

ನಮ್ಮ ದೊಡ್ಡಮ್ಮನಿಗೆ ನಟರನ್ನು ಕಂಡರೆ ಅಷ್ಟಕ್ಕಷ್ಟೆ. ನಲವತ್ತು ವರ್ಷ ಒಂದು ನಾಟಕ ತಂಡದ ಉಡುಪುಗಳನ್ನು ಕಾಯ್ದವಳು ಅವಳು. ಆದರೂ ಅವಳ ಬಾಯಲ್ಲಿ ಒಬ್ಬ ನಟನ ಹೊಗಳಿಕೆಯನ್ನೂ ನಾನು ಕೇಳಿಲ್ಲ. "ಅವರದೇನಿದೆ? ಎರಡು ಗಂಟೆ ಬೆವರ್ತಾರೆ, ಕೈ ಮುಗೀತಾರೆ, ಹೋಗ್ತಾರೆ. ಆ ಬೆವರು ಒಗೆಯೋಳು ನಾನು" ಅನ್ನುತ್ತಿದ್ದಳು. ತಂಡದವರೆಲ್ಲ ಅವಳನ್ನು ಸೂಜಿಯಮ್ಮ ಎಂದು ಕರೆಯುತ್ತಿದ್ದರು. ಎಡಗೈ ಮಣಿಕಟ್ಟಿಗೆ ಸದಾ ಕಟ್ಟಿಕೊಂಡಿರುತ್ತಿದ್ದ ಪುಟ್ಟ ಸೂಜಿದಿಂಬಿನಿಂದ ಬಂದ ಹೆಸರೋ, ಅವಳ ಮಾತಿನಿಂದ ಬಂದದ್ದೋ, ಯಾರೂ ಬಿಡಿಸಿ ಹೇಳಿರಲಿಲ್ಲ.

ರಂಗಮಂದಿರದ ಹಿಂದಿನ ಮರದ ಮೆಟ್ಟಿಲು ಹತ್ತಿದರೆ ಸಿಗುವ ಉದ್ದನೆಯ ಕೋಣೆ ಅವಳದು. ನಾಲ್ಕು ಸಾಲು ಕಬ್ಬಿಣದ ಕಂಬಿ, ಕಂಬಿಯ ತುಂಬ ತೂಗುಹಾಕಿದ ಉಡುಪು, ಗೋಡೆಯ ಬದಿಗೆ ಶಾಲು ಟೋಪಿಗಳ ಕಪಾಟು, ಕಿಟಕಿಯ ಕೆಳಗೆ ಇಸ್ತ್ರಿಯ ಮೇಜು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರಿಂದ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗುತ್ತಿದ್ದೆ. ಎರಡನೇ ಸಾಲಿನ ಉದ್ದ ಕೋಟುಗಳ ಕೆಳಗೆ ಒಂದು ಚಾಪೆ, ಅದೇ ನನ್ನ ಜಾಗ. ಲೆಕ್ಕ ಮಾಡಿದ್ದು, ಮಗ್ಗಿ ಬಾಯಿಪಾಠ ಮಾಡಿದ್ದು, ಮುನಿಸಿಕೊಂಡು ಅತ್ತದ್ದು ಎಲ್ಲ ಅಲ್ಲೇ. ಇವತ್ತಿಗೂ ಯಾರ ಮನೆಯಲ್ಲಾದರೂ ಬೀರು ತೆಗೆದಾಗ ನುಸಿಗುಳಿಗೆಯ ವಾಸನೆ ಬಂದರೆ ಏಳರ ಮಗ್ಗಿ ತಾನಾಗಿ ನಾಲಿಗೆಗೆ ಬರುತ್ತದೆ.

ದೊಡ್ಡಮ್ಮನಿಗೆ ಬರೆಯುವುದೆಂದರೆ ಆಗದು. ಓದು ಬರಹ ಬಾರದೆಂದಲ್ಲ. ಪೆನ್ನು ಹಿಡಿದರೆ ಎಲ್ಲಿ ಉಡುಪಿಗೆ ಮಸಿ ತಾಗುತ್ತದೋ ಎಂಬ ಭಯ. ಹಾಗಾಗಿ ದಾಖಲೆಯನ್ನೂ ಸೂಜಿಯಲ್ಲೇ ಇಟ್ಟಿದ್ದಳು. ಪ್ರತಿ ನಾಟಕಕ್ಕೂ ಒಂದು ಬಣ್ಣದ ದಾರ. ಬಣ್ಣಗಳು ಮುಗಿದ ಮೇಲೆ ಎರಡು ಬಣ್ಣ ಹೊಸೆದ ದಾರ. ಒಂದು ಉದ್ದನೆಯ ರಟ್ಟಿಗೆ ಆ ದಾರಗಳನ್ನೆಲ್ಲ ಸುತ್ತಿ, ಪಕ್ಕದಲ್ಲಿ ನಾಟಕದ ಹೆಸರನ್ನಷ್ಟೇ ಪೆನ್ಸಿಲ್ಲಿನಲ್ಲಿ ಗೀಚಿದ್ದಳು. ಹಸಿರು ಎಂದರೆ 'ಛತ್ರಿ ಮರೆತವರು'. ಕೆಂಪು 'ಹನ್ನೊಂದನೇ ಸಾಕ್ಷಿ'. ಹಳದಿ ಕಪ್ಪು ಹೊಸೆದದ್ದು 'ನ್ಯಾಯಾಧೀಶರ ನಾಯಿ'. ಒಂದು ಉಡುಪು ಯಾವ ನಾಟಕದಲ್ಲಿ ರಂಗಕ್ಕೆ ಹೋಯಿತೋ ಆ ನಾಟಕದ ದಾರದಲ್ಲಿ ಅದರ ಕೊರಳಪಟ್ಟಿಯ, ಕೊರಳಿಲ್ಲದಿದ್ದರೆ ಅಂಚಿನ, ಒಳಮೈಗೆ ಒಂದೇ ಒಂದು ಹೊಲಿಗೆ ಹಾಕುತ್ತಿದ್ದಳು. ಹೊರಗಿನಿಂದ ನೋಡಿದರೆ ಏನೂ ಕಾಣದು. ಕೊರಳು ಮಗುಚಿದರೆ ಉಡುಪಿನ ಇಡೀ ಜಾತಕ ಅಲ್ಲಿರುತ್ತಿತ್ತು.

ಅವುಗಳಲ್ಲಿ ಒಂದು ಕಂದು ಕೋಟು. ದಪ್ಪ ಉಣ್ಣೆಯದು. ಎಡ ಮೊಣಕೈಗೆ ತೇಪೆ, ಮೂರನೇ ಗುಂಡಿ ಬೇರೆ ಜಾತಿಯದು, ಒಳಗಿನ ಅಸ್ತರು ಎಂದೋ ಕಿತ್ತುಹೋಗಿತ್ತು. ಆ ಕೋಟು ಮಾಡದ ಪಾತ್ರವಿಲ್ಲ. ಪತ್ತೇದಾರ, ಕುಡುಕ, ಮದುಮಗ, ಮದುಮಗಳ ಅಪ್ಪ, ಕಳ್ಳ, ಒಮ್ಮೆ ತೋಳಿಲ್ಲದ ಸೈನಿಕ. ಒಂದೇ ವಾರದಲ್ಲಿ ಸೋಮವಾರ ಕೊಲೆಗಾರನಾಗಿ ಗುರುವಾರ ಹೆಣವಾದದ್ದೂ ಉಂಟು. ಅದರ ಕೊರಳಿನೊಳಗೆ ಹೊಲಿಗೆಗೆ ಜಾಗ ಸಾಲದೆ ದಾರಗಳು ಎದೆಪಟ್ಟಿಯವರೆಗೂ ಇಳಿದಿದ್ದವು. ಚಿಕ್ಕವಳಿದ್ದಾಗ ಅದನ್ನು ನಾನು ಕೋಟಿನ ಮಳೆಬಿಲ್ಲು ಅನ್ನುತ್ತಿದ್ದೆ.

ಉಡುಪು ಮೆಟ್ಟಿಲಿಳಿದು ರಂಗದ ಬಾಗಿಲು ದಾಟಿ ಬೀದಿಗೆ ಹೋಗಕೂಡದು ಎಂಬುದು ತಂಡದ ಯಜಮಾನರು ಮಾಡಿದ ನಿಯಮ. ಯಜಮಾನರ ತಮ್ಮನೇ ಮದುವೆಗೆಂದು ಒಂದು ಜರಿಯ ಶಾಲು ಕೇಳಲು ಬಂದಾಗ ದೊಡ್ಡಮ್ಮ ಕತ್ತರಿಯನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟು, "ನಿಮ್ಮಣ್ಣನ ಹತ್ರ ಬರೆಸ್ಕೊಂಡು ಬನ್ನಿ" ಅಂದಿದ್ದಳಂತೆ. ಅವರು ಬರಿಗೈಯಲ್ಲಿ ಇಳಿದುಹೋದ ಕತೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ನೆನಪಿಲ್ಲ.

ಈಗ ಹೇಳಹೊರಟಿದ್ದು ನಡೆದು ಹದಿನೆಂಟು ವರ್ಷವಾಯಿತು. ಯಜಮಾನರು ತೀರಿಕೊಂಡು ಆಗಲೇ ಒಂಬತ್ತು ವರ್ಷ ಕಳೆದಿತ್ತು. ಅವರ ಮಗ ರಂಗಮಂದಿರ ಮುಚ್ಚುವುದೆಂದು ತೀರ್ಮಾನಿಸಿದ. ಉಡುಪುಗಳನ್ನು ಒಂದು ನಾಟಕ ಶಾಲೆ ತೆಗೆದುಕೊಳ್ಳಲು ಒಪ್ಪಿ ಕಾಗದ ಬರೆಯಿತು. ಕಾಗದದಲ್ಲಿ ಎರಡು ಮಾತಿತ್ತು. ಹರಿದ, ಸವೆದ ಉಡುಪು ಹತ್ತಕ್ಕಿಂತ ಹೆಚ್ಚು ನಾಟಕಗಳಲ್ಲಿ ಬಳಕೆಯಾದದ್ದಕ್ಕೆ ದಾಖಲೆಯಿದ್ದರೆ ಮಾತ್ರ ತೆಗೆದುಕೊಳ್ಳುತ್ತೇವೆ, ಉಳಿದದ್ದನ್ನು ನೀವೇ ವಿಲೇವಾರಿ ಮಾಡಿ ಎಂಬುದು ಒಂದು. ಉಡುಪುಗಳನ್ನು ಶುಚಿ ಮಾಡಿಸಬೇಕಾದ್ದರಿಂದ ಅವುಗಳಲ್ಲಿರುವ ಪಿನ್ನು, ಚೀಟಿ, ಬಿಡಿ ದಾರಗಳನ್ನೆಲ್ಲ ಮೊದಲೇ ತೆಗೆದಿರಬೇಕು ಎಂಬುದು ಇನ್ನೊಂದು. ವಿಲೇವಾರಿ ಎಂದರೇನೆಂದು ಮಗನೇ ಹೇಳಿದ, ಚಿಂದಿಯವನಿಗೆ ತೂಕಕ್ಕೆ. ಕಂದು ಕೋಟಿನಂಥವು ಅರವತ್ತರ ಮೇಲಿದ್ದವು. ದೊಡ್ಡಮ್ಮ ಆ ದಿನ ಊಟ ಬಿಟ್ಟಳು.

"ದಾಖಲೆ ತಾನೇ? ನಾನು ಮಾಡ್ಕೊಡ್ತೀನಿ ಬಿಡು" ಎಂದು ಎದೆ ಉಬ್ಬಿಸಿಕೊಂಡು ಹೇಳಿದವಳು ನಾನು. ಅಂಗಡಿಗಳಿಗೆ, ಚಿಕ್ಕಪುಟ್ಟ ಕಚೇರಿಗಳಿಗೆ ವೆಬ್‌ಸೈಟು ಮಾಡಿಕೊಡುವುದು ಆಗ ನನ್ನ ಕೆಲಸ. ಅರ್ಧ ಕೆಲಸವನ್ನು ತಾನೇ ಮಾಡಿಕೊಡುವ ಒಂದು ವೆಬ್ ಫ್ರೇಮ್‌ವರ್ಕ್ ಕಲಿತು ಎರಡು ವರ್ಷವಾಗಿತ್ತು, ಎರಡು ವರ್ಷಕ್ಕೆ ಬರಬೇಕಾದಷ್ಟು ಜಂಬವೂ ಬಂದಿತ್ತು. ದೊಡ್ಡಮ್ಮನ ಕೋಣೆಯಲ್ಲಿ ಇದ್ದದ್ದು ಡೇಟಾಬೇಸಿನ ಪಾಠದಲ್ಲಿ ಬರುವ ಮಾತೇ. ಒಂದು ಕೋಟಿಗೆ ಹಲವು ನಾಟಕ, ಒಂದು ನಾಟಕಕ್ಕೆ ಹಲವು ಕೋಟು. ಅದಕ್ಕೆ ಮೂರು ಪಟ್ಟಿ ಬೇಕು. ಉಡುಪುಗಳದ್ದೊಂದು, ನಾಟಕಗಳದ್ದೊಂದು, ಇಂಥ ಉಡುಪು ಇಂಥ ನಾಟಕ ಎಂದು ಎರಡರ ಸಂಖ್ಯೆಗಳನ್ನು ಜೋಡಿಸಿ ಬರೆದಿಡುವ ಮೂರನೆಯದೊಂದು. ಇದನ್ನು ವಿವರಿಸಿದಾಗ ದೊಡ್ಡಮ್ಮ ಕನ್ನಡಕದ ಮೇಲಿಂದ ನೋಡಿ, "ಮೂರನೇದು ನನ್ನ ದಾರ" ಅಂದಳು. ಕಾಲೇಜಿನಲ್ಲಿ ನನಗೆ ಇದು ತಿಳಿಯಲು ಒಂದು ವಾರ ಹಿಡಿದಿತ್ತು.

ಮಧ್ಯಾಹ್ನದ ಹೊತ್ತು ಲ್ಯಾಪ್‌ಟಾಪ್ ಇಸ್ತ್ರಿಯ ಮೇಜಿನ ಮೇಲಿಟ್ಟುಕೊಂಡು ಕೂರುತ್ತಿದ್ದೆವು. ಮೊದಲು ರಟ್ಟಿನ ಮೇಲಿದ್ದ ತೊಂಬತ್ತಾರು ನಾಟಕಗಳನ್ನು ಸೇರಿಸಿದೆ. ಆಮೇಲೆ ಉಡುಪು. ಅವಳು ಒಂದೊಂದನ್ನೇ ಕಂಬಿಯಿಂದ ಇಳಿಸಿ, ಕೊರಳು ಮಗುಚಿ, ದಾರ ನೋಡಿ ಹೇಳುವುದು, ನಾನು ಪರದೆಯ ಮೇಲೆ ಆ ನಾಟಕಗಳಿಗೆ ಗುರುತು ಹಾಕಿ ಸೇವ್ ಒತ್ತುವುದು.

"ಆಯ್ತಾ?" ಅವಳು ಕೇಳುತ್ತಿದ್ದಳು.

"ಆಯ್ತು."

ಆಗ ಅವಳು ಪುಟ್ಟ ಕತ್ತರಿಯಿಂದ ಆ ದಾರಗಳನ್ನು ಕತ್ತರಿಸಿ, ಚಿಮುಟದಲ್ಲಿ ಎಳೆದು, ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ನನ್ನ ಒಂದು 'ಆಯ್ತು' ಕೇಳಿದ ಮೇಲೆಯೇ ಕತ್ತರಿ ಆಡುತ್ತಿದ್ದದ್ದು.

ಮೊದಲ ದಿನ ಇಪ್ಪತ್ತಮೂರು ಉಡುಪು ಮುಗಿದವು. ಎರಡನೇ ದಿನ ಅವಳದೊಂದು ತಕರಾರು. "ಯಾವ ಕಂಬಿ, ಎಷ್ಟನೇ ಕೊಕ್ಕೆ ಅಂತ ಇದು ಹೇಳಲ್ವಲ್ಲೇ ಪುಟ್ಟಿ. ಜಾಗ ಗೊತ್ತಿಲ್ಲದ ಬಟ್ಟೆ ಕಳೆದುಹೋದ ಬಟ್ಟೆ." ಸರಿಯೇ ಇತ್ತು. ಅಲ್ಲೇ ಕೂತು ಕೋಡಿನಲ್ಲಿ ಎರಡು ಸಾಲು ಬದಲಿಸಿದೆ. ಫಾರಂ ಬಂದ ಕೂಡಲೇ ಸೇವ್ ಮಾಡಬೇಡ, ಸ್ವಲ್ಪ ತಡೆ, ಕಂಬಿಯ ಸಂಖ್ಯೆಯನ್ನು ನಾನು ತುಂಬುತ್ತೇನೆ, ಆಮೇಲೆ ಸೇವ್ ಮಾಡು, ಇಷ್ಟೇ. ಕಂಬಿ, ಕೊಕ್ಕೆ ಎರಡೂ ಪರದೆಯ ಮೇಲೆ ಬಂದವು. ದೊಡ್ಡಮ್ಮ ನನ್ನ ಬೆನ್ನು ತಟ್ಟಿದಳು, ನಾನೂ ತಟ್ಟಿಕೊಂಡೆ.

ಹೀಗೆ ಮೂರು ವಾರ ನಡೆಯಿತು. ಮುನ್ನೂರ ಹನ್ನೆರಡನೆಯದು, ಎಲ್ಲಕ್ಕಿಂತ ಕೊನೆಯದು, ಕಂದು ಕೋಟು. ಅವಳು ಅದನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಳು. ಸೇವ್ ಒತ್ತಿದೆ. ಆಯ್ತಾ ಅಂದಳು, ಆಯ್ತು ಅಂದೆ. ಆ ಕೋಟಿನ ದಾರ ತೆಗೆಯಲು ಅವಳಿಗೆ ಅರ್ಧ ಗಂಟೆ ಬೇಕಾಯಿತು.

ನಾಟಕ ಶಾಲೆಯವರು ಸೋಮವಾರ ಬರುವವರಿದ್ದರು. ಅದರ ಹಿಂದಿನ ಮಂಗಳವಾರ ಬೆಳಗ್ಗೆ ಮನೆಯಲ್ಲಿ ಕೂತು, ಯಾವ ಉಡುಪು ಎಷ್ಟು ನಾಟಕದಲ್ಲಿದೆ ಎಂದು ಎಣಿಸಿ ತೋರಿಸುವ ಪುಟವನ್ನು ಬರೆದೆ. ತೆರೆದರೆ ಮೊದಲ ಇಪ್ಪತ್ತಮೂರು ಉಡುಪುಗಳ ಮುಂದೆ ಸಂಖ್ಯೆಗಳಿದ್ದವು. ಅಲ್ಲಿಂದ ಕೆಳಗೆ ಸೊನ್ನೆ. ಪುಟದ ತುಂಬ ಸೊನ್ನೆ. ಎಣಿಸುವ ಕೋಡಿನಲ್ಲಿ ತಪ್ಪಿರಬೇಕೆಂದು ಒಂದು ಗಂಟೆ ಅದರ ಮೇಲೆ ಹರಿಹಾಯ್ದೆ. ಕೊನೆಗೆ ಮೂರನೇ ಪಟ್ಟಿಯನ್ನೇ ನೇರವಾಗಿ ತೆರೆದು ನೋಡಿದೆ. ಇಪ್ಪತ್ತಮೂರನೇ ಉಡುಪಿನ ನಂತರ ಅಲ್ಲಿ ಒಂದು ಸಾಲೂ ಇರಲಿಲ್ಲ.

ಆದದ್ದಿಷ್ಟು. ಎರಡೂ ತುದಿಯಲ್ಲಿ ದಾಖಲೆ ಇರದೆ ನಡುವಿನ ನಂಟನ್ನು ಬರೆಯಲಾಗದು. ಆದ್ದರಿಂದ ಎರಡನೇ ದಿನ ನಾನು ಮಾಡಿದ ಹಾಗೆ ಸೇವ್ ಅನ್ನು ತಡೆಹಿಡಿದರೆ ಫ್ರೇಮ್‌ವರ್ಕು ನಂಟುಗಳನ್ನೂ ತಡೆಹಿಡಿಯುತ್ತದೆ. ಉಡುಪು ಸೇವ್ ಆದ ಮೇಲೆ, ಈಗ ನಂಟುಗಳನ್ನೂ ಬರೆ ಎಂದು ಇನ್ನೊಂದು ಸಾಲಿನಲ್ಲಿ ಹೇಳಬೇಕು. ಆ ಒಂದು ಸಾಲನ್ನು ನಾನು ಬರೆದಿರಲಿಲ್ಲ. ಯಂತ್ರ ಬೈಯಲಿಲ್ಲ, ಕೆಂಪು ಅಕ್ಷರ ತೋರಿಸಲಿಲ್ಲ. ಕೋಟನ್ನು ಬರೆದುಕೊಂಡು, ನಂಟನ್ನು ಕೈಬಿಟ್ಟು, 'ಉಳಿಸಲಾಗಿದೆ' ಎಂದು ನಗುನಗುತ್ತಾ ಹೇಳಿತು. ನಾನೂ ಅದನ್ನೇ ನಂಬಿ ಇನ್ನೂರ ಎಂಬತ್ತೊಂಬತ್ತು ಸಲ ಆಯ್ತು ಅಂದಿದ್ದೆ. ಒಮ್ಮೆಯಾದರೂ ಒಂದು ನಾಟಕದ ಪುಟ ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು. ಸೋಮಾರಿತನ ಅನ್ನಲಾರೆ, ಜಂಬ ಅದು.

ಅಂದೇ ಸಂಜೆ ಹೋಗಿ ಹೇಳಿದೆ. ಅವಳು ಶಾಲು ಮಡಿಸುತ್ತಿದ್ದಳು. ಸುತ್ತಿ ಬಳಸಿ ಹೇಳಲು ಬಾಯಿ ಬರಲಿಲ್ಲ.

"ದೊಡ್ಡಮ್ಮ, ದಾರದ್ದು ಸೇವ್ ಆಗಿಲ್ಲ."

"ಯಾವುದರದ್ದು?"

"ಮೊದಲ್ನೇ ದಿನದ್ದು ಬಿಟ್ಟು ಎಲ್ಲದರದ್ದೂ. ಕೋಟು ಇದೆ. ನಾಟಕ ಇದೆ. ಎರಡರ ಮಧ್ಯದ್ದು ಇಲ್ಲ."

ಅವಳು ಬಿಸ್ಕತ್ತಿನ ಡಬ್ಬಿ ತೆರೆದಳು. ಒಳಗೆ ಸಾವಿರ ಸಾವಿರ ದಾರದ ತುಣುಕು, ಒಂದರ ಮೇಲೊಂದು, ಎಲ್ಲ ಬಣ್ಣವೂ. ಯಾವುದು ಯಾವ ಕೊರಳಿನದೆಂದು ದೇವರೂ ಹೇಳಲಾರ. ಅವಳು ಅದರೊಳಗೆ ಬೆರಳಾಡಿಸಿದಳು.

"ನಾನು ಕೇಳ್ದೆ ಅಲ್ವೇನೇ? ಪ್ರತಿ ಸಲ ಕೇಳ್ದೆ."

"ಕೇಳ್ದೆ."

"ಕೋಟು ಯಜಮಾನರದು. ನಾಟಕ ಯಾರ್ಯಾರೋ ಬರೆದದ್ದು. ಮಧ್ಯದ್ದು ಒಂದೇ ಕಣೇ ನಂದು ಅಂತ ಇದ್ದದ್ದು." ಅಷ್ಟು ಹೇಳಿ ಡಬ್ಬಿ ಮುಚ್ಚಿದಳು. "ಹೋಗು ನೀನು."

ನಾನು ಆ ಮೆಟ್ಟಿಲು ಇಳಿದಷ್ಟು ಭಾರವಾಗಿ ಇನ್ಯಾವ ಮೆಟ್ಟಿಲೂ ಇಳಿದಿಲ್ಲ. ಬುಧವಾರ ಹೋದರೆ ಬಾಗಿಲು ತೆಗೆಯಲಿಲ್ಲ. ಒಳಗೆ ಇಸ್ತ್ರಿಯ ಸದ್ದು ಕೇಳುತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ಒಂದು ಗಂಟೆ ಕೂತು ಎದ್ದುಬಂದೆ. ಅಮ್ಮ ಕೇಳಿದ್ದಕ್ಕೆ ಎಲ್ಲ ಹೇಳಿ ಮಗುವಿನ ಹಾಗೆ ಅತ್ತೆ. ಅಪ್ಪ ಪೇಪರು ಓದುತ್ತಿದ್ದವರು ತಲೆಯೆತ್ತಿ, "ಕಂದು ಕೋಟೂ ಹೋಗುತ್ತಾ?" ಎಂದು ಕೇಳಿದರು. ಹೂಂ ಅಂದೆ. ಆಮೇಲೆ ಅವರು ಪುಟ ತಿರುಗಿಸಿದ್ದನ್ನು ನಾನು ನೋಡಲಿಲ್ಲ.

ಗುರುವಾರ ಬೆಳಗ್ಗೆ ಏಳೂವರೆಗೆ ಬಾಗಿಲು ಬಡಿದ ಸದ್ದು. ದೊಡ್ಡಮ್ಮ. ಮಣಿಕಟ್ಟಿನಲ್ಲಿ ಸೂಜಿದಿಂಬು, ಕೈಯಲ್ಲಿ ತಿಂಡಿಯ ಡಬ್ಬಿ, ಮುಖದಲ್ಲಿ ಇನ್ನೂ ಅರ್ಧ ಕೋಪ.

"ಮೆಷಿನ್ ತಗೊಂಡು ಬಾ. ನಾಲ್ಕು ದಿನ ಇದೆ."

"ದಾರಾನೇ ಇಲ್ವಲ್ಲ ದೊಡ್ಡಮ್ಮ."

"ದಾರ ನೋಡಿ ನೆನಪು ಮಾಡ್ಕೊಳ್ಳೋಳು ನಾನಲ್ಲ. ದಾರ ನನ್ನ ನಂತರ ಬರೋರಿಗೆ. ಏಳು."

ನಾನು ಆ ಇನ್ನೊಂದು ಸಾಲನ್ನು ಸೇರಿಸಿದೆ. ಆದರೆ ನನ್ನ ಆಯ್ತು ಎಂಬ ಮಾತಿಗೆ ಈಗ ಮೂರು ಕಾಸಿನ ಬೆಲೆಯಿರಲಿಲ್ಲ. ದೊಡ್ಡಮ್ಮನೇ ಎರಡು ಕಟ್ಟಳೆ ಮಾಡಿದಳು. ಒಂದು, ಸೇವ್ ಆದ ಮೇಲೆ ನಾನು ನಾಟಕದ ಪುಟ ತೆರೆದು, ಅದರಲ್ಲಿರುವ ಉಡುಪುಗಳನ್ನು ಗಟ್ಟಿಯಾಗಿ ಓದಬೇಕು. "ಪಾತ್ರ ತಯಾರು ಅಂತ ಈ ಕಡೆಯಿಂದ ಕೂಗಿದ್ರೆ ಸಾಲದು, ಆ ಕಡೆಯಿಂದ ಯಾರಾದ್ರೂ ಹೂಂ ಅನ್ಬೇಕು. ಇಲ್ಲಾಂದ್ರೆ ಪರದೆ ಎಳೀಬಾರ್ದು. ರಂಗದ ಹಿಂದೆ ಮೊದಲ ದಿನ ಕಲಿಸೋ ಪಾಠ ಇದು." ಎರಡು, ಕೊರಳಿನೊಳಗೆ ಸೂಜಿ ಹೊಕ್ಕು ಬಂದ ತೂತುಗಳು ಇನ್ನೂ ಇದ್ದವು. ಒಂದು ಹೊಲಿಗೆಗೆ ಜೋಡಿ ತೂತು. ಅವಳು ನೆನಪಿನಿಂದ ನಾಟಕ ಹೇಳುವುದು, ನಾನು ಭೂತಗನ್ನಡಿಯಲ್ಲಿ ಜೋಡಿಗಳನ್ನು ಎಣಿಸುವುದು. ಎರಡೂ ತಾಳೆಯಾಗುವ ತನಕ ಆ ಉಡುಪನ್ನು ಕೆಳಗಿಡುವಂತಿಲ್ಲ.

ಆ ನಾಲ್ಕು ದಿನ ನನ್ನ ಬದುಕಿನ ಅತ್ಯಂತ ಒಳ್ಳೆಯ ದಿನಗಳು. ತಪ್ಪು ಮಾಡಿದವಳು ಹೀಗೆ ಹೇಳಬಾರದು, ಆದರೆ ಅದೇ ನಿಜ. ಮೊದಲ ಸಲ ಅವಳು ದಾರ ನೋಡಿ ಹೆಸರು ಹೇಳಿ ಮುಗಿಸಿಬಿಟ್ಟಿದ್ದಳು. ಈ ಸಲ ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಕೈಯಾಡಿಸಿದರೆ ನಾಟಕದ ಹೆಸರಿಗೆ ಮೊದಲು ಕತೆ ಬರುತ್ತಿತ್ತು. ಈ ಅಂಗಿಯ ತೋಳು ಮೇಣದಬತ್ತಿಗೆ ಹತ್ತಿಕೊಂಡಾಗ ನಟ ಸಂಭಾಷಣೆ ನಿಲ್ಲಿಸದೆ ಹೂದಾನಿಯ ನೀರು ಸುರಿದುಕೊಂಡದ್ದು. ಈ ಲಂಗದೊಳಗೆ ದಪ್ಪಗಿನ ನಾಯಕಿಗಾಗಿ ಗುಟ್ಟಾಗಿ ಎರಡು ಗೇಣು ಬಟ್ಟೆ ಸೇರಿಸಿದ್ದು, ಅವಳು "ನಾನು ಸಣ್ಣಗಾಗಿದ್ದೀನಿ ಸೂಜಿಯಮ್ಮ" ಅಂದಾಗ ಇವಳು ಹೌದೌದು ಅಂದದ್ದು. 'ನ್ಯಾಯಾಧೀಶರ ನಾಯಿ'ಯಲ್ಲಿ ನಿಜವಾದ ನಾಯಿಯೊಂದು ನ್ಯಾಯಾಧೀಶರ ನಿಲುವಂಗಿಯನ್ನು ಕಚ್ಚಿಕೊಂಡು ಪ್ರೇಕ್ಷಕರ ನಡುವೆ ಓಡಿದ್ದು. ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ನಗು ನಿಂತ ಮೇಲೆ ಅವಳು, "ಹೂಂ, ಆ ಕಡೆಯಿಂದ ಓದು" ಅನ್ನುತ್ತಿದ್ದಳು. ನಾನು ಓದುತ್ತಿದ್ದೆ. ಅವಳು ಹೂಂಗುಟ್ಟಿ ಮಡಿಸುತ್ತಿದ್ದಳು.

ಭಾನುವಾರ ನಾಲ್ಕು ಗಂಟೆಗೆ ಉಳಿದದ್ದು ಕಂದು ಕೋಟು ಒಂದೇ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ನಾಟಕ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ನಲವತ್ತು ನಾಟಕ. ನಾನು ಭೂತಗನ್ನಡಿ ಹಿಡಿದೆ. ಕೊರಳಿನಲ್ಲಿ ಮೂವತ್ತಮೂರು ಜೋಡಿ, ಎದೆಪಟ್ಟಿಯಲ್ಲಿ ಎಂಟು.

"ನಲವತ್ತೊಂದು, ದೊಡ್ಡಮ್ಮ. ಇನ್ನೊಂದಿದೆ."

"ನಲವತ್ತೇ. ನೀನು ತಪ್ಪು ಎಣಿಸಿದ್ದೀಯ."

ಮತ್ತೆ ಎಣಿಸಿದೆ. ನಲವತ್ತೊಂದೇ.

"ಸೂಜಿ ತಪ್ಪಿ ಎಲ್ಲೋ ಚುಚ್ಚಿರುತ್ತೆ. ಬಿಡು."

ಸೂಜಿ ತಪ್ಪಿ ಚುಚ್ಚುವುದು, ಅದೂ ಇವಳ ಕೈಯಲ್ಲಿ! ಮುಖ ನೋಡಿದೆ. ಕಿಟಕಿಯ ಕಡೆ ತಿರುಗಿಸಿಕೊಂಡಿದ್ದಳು. "ತಾಳೆಯಾಗದೆ ಕೆಳಗಿಡೋ ಹಾಗಿಲ್ಲ ಅಂದೋಳು ನೀನೇ ತಾನೇ?" ಅಂದೆ. ನನಗೆ ಏನು ಹೊಳೆಯಿತೋ, ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ. ಬಣ್ಣ ಬಣ್ಣದ ಆ ರಾಶಿಯೊಳಗೆ ಹುಡುಕಿ ಹುಡುಕಿ ಕೊನೆಗೆ ಒಂದನ್ನು ಎತ್ತಿ ಹಿಡಿದೆ. ಬಿಳಿ ದಾರ. ರಟ್ಟಿನಲ್ಲಿ ಬಿಳಿ ಇರಲೇ ಇಲ್ಲ. ತೊಂಬತ್ತಾರು ನಾಟಕದಲ್ಲಿ ಒಂದಕ್ಕೂ ಅವಳು ಬಿಳಿ ಬಳಸಿರಲಿಲ್ಲ. ಮೊದಲ ಸಲ ನನಗೆ ನಲವತ್ತನ್ನು ಹೇಳಿ, ನಲವತ್ತೊಂದನ್ನು ಕತ್ತರಿಸಿದ್ದಳು.

"ಇದು ಯಾವ ನಾಟಕ?"

ದೊಡ್ಡಮ್ಮ ಕೋಟಿನ ತೋಳನ್ನು ಮಗುಚಿ ನನ್ನ ಮುಂದಿಟ್ಟಳು. ತುದಿಯಿಂದ ಎರಡು ಬೆರಳಿನ ದೂರದಲ್ಲಿ ಒಂದು ಹಳೆಯ ಮಡಿಕೆಯ ಗೆರೆ. ಎಷ್ಟು ಇಸ್ತ್ರಿ ಹಾಕಿದರೂ ಹೋಗದ್ದು.

"ನಿಮ್ಮಪ್ಪನ ತೋಳು ಗಿಡ್ಡ" ಅಂದಳು.

ನಮ್ಮ ಅಪ್ಪ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಆ ಕೆಲಸ ಸಿಕ್ಕಿದ ಕತೆಯನ್ನು ಅವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ನಾನು ಇನ್ನೂ ಹುಟ್ಟಿರಲಿಲ್ಲ, ಅಮ್ಮನಿಗೆ ಆರು ತಿಂಗಳು, ಕೈಯಲ್ಲಿದ್ದ ಕೆಲಸ ಹೋಗಿತ್ತು. ಯಾರೋ ಗೆಳೆಯನ ಕೋಟು ಹಾಕಿಕೊಂಡು ಸಂದರ್ಶನಕ್ಕೆ ಹೋದರಂತೆ, ಒಳಗಿದ್ದ ಮೂವರಲ್ಲಿ ಒಬ್ಬರು ಯಾರೋ ದೊಡ್ಡ ಮನುಷ್ಯರು ಬಂದರೆಂದು ಎದ್ದೇ ನಿಂತರಂತೆ. ಆ ಗೆಳೆಯ ಯಾರೆಂದು ನಾವ್ಯಾರೂ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

"ನಿಮ್ಮಮ್ಮ ಬಂದು ಇಲ್ಲೇ, ನೀನು ಕೂತಿದ್ದೀಯಲ್ಲ ಇಲ್ಲೇ, ಕೂತು ಅತ್ತಳು. ಒಂದು ಕೋಟಿಲ್ಲ ಅಕ್ಕ ಅಂದಳು. ಯಜಮಾನರು ಊರಲ್ಲಿರ್ಲಿಲ್ಲ. ಬೆಳಗ್ಗೆ ಒಯ್ದು ಸಂಜೆ ತಂದಿಡ್ಬೇಕು, ಸಾಯೋ ತನಕ ಬಾಯಿ ಬಿಡಬಾರ್ದು ಅಂತ ಇಬ್ಬರ ಹತ್ರಾನೂ ಭಾಷೆ ತಗೊಂಡೆ. ಗೊತ್ತಾಗಿದ್ರೆ ನನ್ನ ಕೆಲಸ ಆವತ್ತೇ ಹೋಗ್ತಿತ್ತು. ವಾಪಸ್ ಬಂದ ಮೇಲೆ ದಾರ ಹಾಕದೆ ಇರೋಕೆ ಕೈ ಕೇಳ್ಲಿಲ್ಲ ಕಣೇ. ಬಟ್ಟೆಗೆ ಸುಳ್ಳು ಹೇಳಿದ ಹಾಗಾಗುತ್ತೆ."

ಬರೆಸ್ಕೊಂಡು ಬನ್ನಿ ಎಂದು ಯಜಮಾನರ ತಮ್ಮನನ್ನು ಮೆಟ್ಟಿಲಿಳಿಸಿದ ಹೆಂಗಸು ಇವಳು. ನಾನು ಹುಟ್ಟುವ ಮೊದಲೇ ನನಗಾಗಿ ಕಳ್ಳತನ ಮಾಡಿದ್ದಳು, ಮಾಡಿ ಅದಕ್ಕೆ ಸಾಕ್ಷಿಯನ್ನೂ ಹೊಲಿದಿಟ್ಟಿದ್ದಳು. ನನ್ನ ಶಾಲೆಯ ಫೀಸು, ಆ ಚಾಪೆ, ಈ ಲ್ಯಾಪ್‌ಟಾಪು ಎಲ್ಲ ಆ ಬಿಳಿ ಹೊಲಿಗೆಯಿಂದ ಬಂದದ್ದು. ಅವಳನ್ನು ತಬ್ಬಿಕೊಂಡೆ. ಸೂಜಿದಿಂಬು ಬೆನ್ನಿಗೆ ಚುಚ್ಚಿತು.

"ಇದನ್ನ ಸೇರಿಸ್ಲೇಬೇಕು" ಅಂದೆ.

"ಹುಚ್ಚಿ. ಯಜಮಾನರಿಗೆ ಗೊತ್ತಾದ್ರೆ?"

"ಅವರು ಹೋಗಿ ಒಂಬತ್ತು ವರ್ಷ ಆಯ್ತು."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಆದರೆ ಸೇರಿಸುವುದೆಂದರೆ ಸುಮ್ಮನೆ ಅಲ್ಲ. ಇನ್ನೊಂದು ತುದಿ ಬೇಕಲ್ಲ. ಅಂಥ ನಾಟಕವೇ ಪಟ್ಟಿಯಲ್ಲಿರಲಿಲ್ಲ. ಮೊದಲು ನಾಟಕದ ಹೊಸ ಫಾರಂ ತೆರೆದೆ. ಹೆಸರು ಏನು ಹಾಕಲಿ ಅಂದೆ. 'ಸಂದರ್ಶನ' ಅಂದಳು. ಬರೆದವರು ಯಾರು? ಖಾಲಿ ಬಿಡು ಅಂದಳು. ಎಷ್ಟು ಪ್ರಯೋಗ? "ಒಂದು." ಅದನ್ನು ಸೇವ್ ಮಾಡಿ, ತೊಂಬತ್ತೇಳನೇ ಸಂಖ್ಯೆ ಬಂದ ಮೇಲೆ, ಕೋಟಿನ ಪುಟಕ್ಕೆ ಹೋಗಿ ಗುರುತು ಹಾಕಿದೆ. ಆ ಕಡೆಯಿಂದ ತೆರೆದು ಓದಿದೆ. "ಸಂದರ್ಶನ. ಕಂದು ಕೋಟು." ದೊಡ್ಡಮ್ಮ ಹೂಂ ಅಂದಳು. ಆಮೇಲೆ ಸೂಜಿಗೆ ಬಿಳಿ ದಾರ ಪೋಣಿಸಿ, ಶಾಲೆಯವರ ಕಾಗದಕ್ಕೆ ಕಿಮ್ಮತ್ತು ಕೊಡದೆ, ಹಳೆಯ ತೂತಿನಲ್ಲೇ ಮತ್ತೆ ಒಂದು ಹೊಲಿಗೆ ಹಾಕಿದಳು.

ಅಂದು ಅಪ್ಪನನ್ನು ಕೇಳಿದೆ. ಅವರು ಮೊದಲು ಕೇಳಿದ್ದು, "ಅತ್ತಿಗೆ ತಾವಾಗೇ ಹೇಳಿದ್ರಾ?" ಹೌದೆಂದ ಮೇಲೆ ಕುರ್ಚಿಗೆ ಒರಗಿ, "ಅಬ್ಬಾ, ಇಪ್ಪತ್ತೆಂಟು ವರ್ಷ" ಎಂದು ಉಸಿರು ಬಿಟ್ಟರು.

ಸೋಮವಾರ ನಾಟಕ ಶಾಲೆಯಿಂದ ಇಬ್ಬರು ಬಂದರು. ಒಬ್ಬರು ಮೇಡಂ, ಪಟ್ಟಿ ಹಿಡಿದ ಒಬ್ಬ ಗುಮಾಸ್ತ. ಮೇಡಂ ಕಂದು ಕೋಟಿನ ಕೊರಳನ್ನು ಎರಡು ಬೆರಳಲ್ಲಿ ಎತ್ತಿ, ಅಸ್ತರಿಲ್ಲದ ಒಳಮೈ ನೋಡಿ, ಚಿಂದಿಯ ರಾಶಿಯ ಕಡೆ ತಿರುಗಿದರು. ದೊಡ್ಡಮ್ಮ ನನ್ನನ್ನು ನೋಡಿದಳು. ನಾನು ಲ್ಯಾಪ್‌ಟಾಪನ್ನು ಅವರ ಮುಂದೆ ಸರಿಸಿ, ಹೆಚ್ಚು ನಾಟಕ ಮೊದಲು ಬರುವ ಗುಂಡಿ ಒತ್ತಿದೆ. ಮುನ್ನೂರ ಹನ್ನೆರಡು ಉಡುಪಿನಲ್ಲಿ ಎಲ್ಲಕ್ಕಿಂತ ಮೇಲೆ ಬಂದು ನಿಂತದ್ದು ಅದೇ ಕೋಟು. ಮೇಡಂ ಕನ್ನಡಕ ಹಾಕಿಕೊಂಡು ನಲವತ್ತೊಂದು ಹೆಸರುಗಳನ್ನೂ ಓದಿದರು.

"ತಂಡದ ಎಲ್ಲ ನಾಟಕಗಳೂ ನಂಗೆ ಗೊತ್ತು. ಈ 'ಸಂದರ್ಶನ' ಕೇಳಿಲ್ವಲ್ಲ?"

"ಒಂದೇ ಪ್ರಯೋಗ" ಅಂದಳು ದೊಡ್ಡಮ್ಮ. "ನೋಡಿದವರು ಮೂರೇ ಜನ."

"ಚೆನ್ನಾಗಿತ್ತಾ?"

"ನಟ ಪರವಾಗಿಲ್ಲ" ಅಂದಳು. ನಲವತ್ತು ವರ್ಷದಲ್ಲಿ ಒಬ್ಬ ನಟನ ಬಗ್ಗೆ ಅವಳು 'ಪರವಾಗಿಲ್ಲ' ಅಂದದ್ದು ಅದೊಂದೇ ಸಲ. "ಇನ್ನೂ ವೇಷ ಬಿಚ್ಚಿಲ್ಲ. ಇವತ್ತೂ ಡ್ಯೂಟಿಗೆ ಹೋಗಿದ್ದಾರೆ."

ಮೇಡಂಗೆ ಏನು ಅರ್ಥವಾಯಿತೋ, ಕೋಟನ್ನು ಮಡಿಸಿ ಒಯ್ಯುವ ಕಡೆಗೆ ಇಟ್ಟರು. ಸವೆದ ಉಡುಪುಗಳಲ್ಲಿ ಐವತ್ತೆಂಟು ಉಳಿದವು. ಉಳಿಯದೆ ಹೋದವನ್ನು ದೊಡ್ಡಮ್ಮ ತನ್ನ ಮನೆಗೆ ಹೊತ್ತಳು, ಚಿಂದಿಯವನಿಗೆ ಒಂದು ಎಳೆಯನ್ನೂ ಕೊಡಲಿಲ್ಲ. ಆರು ವರ್ಷದ ನಂತರ ಅವಳು ತೀರಿಕೊಂಡಾಗ ಹೊದಿಸಿದ್ದು ಅವುಗಳಲ್ಲಿನ ಒಂದು ಶಾಲನ್ನೇ. ಅಪ್ಪ ಹೋಗಿ ಈಗ ನಾಲ್ಕು ವರ್ಷ.

ಕಳೆದ ತಿಂಗಳು ಆ ನಾಟಕ ಶಾಲೆಯಿಂದ ಒಬ್ಬಳು ಪ್ರೋಗ್ರಾಮರು ಫೋನು ಮಾಡಿದ್ದಳು. ನನ್ನ ಹಳೆಯ ವೆಬ್‌ಸೈಟನ್ನು ಹೊಸದಾಗಿ ಬರೆಯುತ್ತಿದ್ದಾಳಂತೆ. ಎಲ್ಲ ದಾಖಲೆಗಳೂ ಸರಿಯಾಗಿವೆ, ಒಂದು ಮಾತ್ರ ಅನುಮಾನ ಎಂದಳು.

"ಮೇಡಂ, ನಾಟಕದ ನಂಬರು ತೊಂಬತ್ತೇಳು. ಬರೆದವರ ಹೆಸರಿಲ್ಲ, ಎಲ್ಲೂ ಮಾಹಿತಿ ಇಲ್ಲ. ಟೆಸ್ಟ್ ಮಾಡೋಕೆ ಹಾಕಿದ್ದು ಅನ್ಸುತ್ತೆ. ತೆಗೆದುಬಿಡ್ಲಾ?"

ಒಂದು ತುದಿ ತೆಗೆದರೆ ನಂಟೂ ತಾನಾಗಿ ಅಳಿಯುತ್ತದೆ. "ಬೇಡ, ಅದು ಇರ್ಲಿ. ಆ ನಾಟಕದ ಪುಟ ತೆರೆದು, ಅದರಲ್ಲಿ ಏನೇನಿದೆ ಅಂತ ಗಟ್ಟಿಯಾಗಿ ಓದಮ್ಮ" ಅಂದೆ.

ಅವಳಿಗೆ ವಿಚಿತ್ರವೆನಿಸಿರಬೇಕು. ಆದರೂ ಓದಿದಳು. "ಸಂದರ್ಶನ. ಕಂದು ಕೋಟು. ಅಷ್ಟೇ ಮೇಡಂ, ಒಂದೇ ಇದೆ."

"ಹೂಂ" ಅಂದೆ.